ದೀಪದ ಬೋರ್ಡು

ತಂಗಿ ಮಗನಿಗೆ ಗೇಮಿಂಗ್ ಕಂಪ್ಯೂಟರ್ ಜೋಡಿಸಿಕೊಡೋಣ ಅಂತ ನಿನ್ನೆ ಸಂಜೆ ಮೈಸೂರಿನ ಪೇಟೆಯೆಲ್ಲ ಸುತ್ತಿದೆವು. ರೈಜನ್ 5 5600 ಪ್ರೊಸೆಸರ್ ಆಗಲೇ ಕೈಯಲ್ಲಿತ್ತು. ಎಲ್ಲ ಭಾಗಗಳನ್ನೂ ಕೂರಿಸುವ ಮದರ್‌ಬೋರ್ಡ್ ಒಂದು ಬಾಕಿ. ಅಂಗಡಿಯವರು ದಸರಾ ದೀಪಾಲಂಕಾರದ ಹಾಗೆ ಮಿನುಗುವ ಎಕ್ಸ್570 ಬೋರ್ಡ್ ತೆಗೆದಿಟ್ಟರು. ಹುಡುಗನ ಕಣ್ಣು ಅಲ್ಲೇ ಅಂಟಿಕೊಂಡಿತು.

"ಮಾವ, ಇದೇ ಇರಲಿ."

ನಾನು ಅದಕ್ಕಿಂತ ಅಗ್ಗದ ಬಿ550 ಬೋರ್ಡ್ ಕೇಳಿದೆ. ಗ್ರಾಫಿಕ್ಸ್ ಕಾರ್ಡಿಗೆ ಅದರಲ್ಲೂ ಪಿಸಿಐಇ 4.0, ಅಂದರೆ ಬೋರ್ಡಿನ ಜೊತೆ ಮಾತಾಡುವ ವೇಗದ ದಾರಿ, ಸಿಗುತ್ತದೆ. ಬಿ450 ಇನ್ನೂ ಅಗ್ಗವೇನೋ ಸರಿ, ಆದರೆ ಹಳೇ ಸ್ಟಾಕ್ ಆಗಿದ್ದರೆ ಬಯಾಸ್ (ಬೋರ್ಡಿನೊಳಗಿನ ಮೂಲ ತಂತ್ರಾಂಶ) ಅಪ್‌ಡೇಟ್ ಆಗದೆ ಈ ಪ್ರೊಸೆಸರ್ ಕಣ್ಣೇ ಬಿಡುವುದಿಲ್ಲ. ಯಾರಿಗೆ ಬೇಕು ಆ ತಲೆನೋವು? ಉಳಿದ ದುಡ್ಡು ಗ್ರಾಫಿಕ್ಸ್ ಕಾರ್ಡಿಗೆ. ಆಟ ಓಡಿಸುವುದು ಅದೇ ಅಲ್ವಾ?

ಬಸ್ಸಿನಲ್ಲಿ ಹುಡುಗ ಮುಖ ಊದಿಸಿಕೊಂಡೇ ಕೂತಿದ್ದ. ಅವನ ವಯಸ್ಸಿನಲ್ಲಿ ನಾನೂ ಸೈಕಲ್‌ಗಿಂತ ಜಾಸ್ತಿ, ಅದರ ಚಕ್ರದ ಬಣ್ಣದ ಮಣಿಗಳಿಗೇ ಹಠ ಹಿಡಿದಿದ್ದೆ.