ತಕರಾರಿನ ಮೊದಲ ಪ್ಯಾರಾ

ಮಂಡ್ಯದ ನ್ಯಾಯಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ, ಶಿರಸ್ತೇದಾರಳಾಗಿ ನಿವೃತ್ತಳಾದೆ. ಆಸ್ತಿ ವಿಭಾಗ, ಒತ್ತುವರಿ, ಕ್ರಯಪತ್ರ, ಯಾವ ದಾವೆಯೇ ಆಗಲಿ, ಪ್ರತಿವಾದಿ ಸಲ್ಲಿಸುವ ತಕರಾರಿನ ಮೊದಲ ಪ್ಯಾರಾ ನನಗೆ ಬಾಯಿಪಾಠ: "ವಾದಿಯ ದಾವೆಯು ಕಾನೂನು ರೀತ್ಯಾ ಹಾಗೂ ವಾಸ್ತವಾಂಶಗಳ ರೀತ್ಯಾ ಊರ್ಜಿತವಲ್ಲ." ಈ ನ್ಯಾಯಾಲಯಕ್ಕೆ ವ್ಯಾಪ್ತಿಯಿಲ್ಲ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಅದು ಪ್ರತಿವಾದಿಯ ಹಕ್ಕು. ಆದರೆ ಅಲ್ಲಿಗೇ ನಿಲ್ಲಿಸುವಂತಿಲ್ಲ. ಮೂರನೇ ಪ್ಯಾರಾದಲ್ಲಿ ಹೇಳಿದ್ದು ಸುಳ್ಳು, ನಾಲ್ಕನೆಯದು ನಿಜ, ಐದನೆಯದರ ವಿಷಯ ಪ್ರತಿವಾದಿಗೆ ತಿಳಿದಿಲ್ಲ ಎಂದು ಪ್ಯಾರಾವಾರು ಉತ್ತರ ಕೊಡಬೇಕು. ನಿರ್ದಿಷ್ಟವಾಗಿ ನಿರಾಕರಿಸದ ಸಂಗತಿಯನ್ನು ಒಪ್ಪಿಕೊಂಡಂತೆಯೇ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ.

ಇದೆಲ್ಲ ಮತ್ತೆ ನೆನಪಾದದ್ದು ಮೈಸೂರಿನ ಸರಸ್ವತಿಪುರಂನಲ್ಲಿ, ನನ್ನ ತಂಗಿಯ ಮನೆಯಲ್ಲಿ. ಅವಳ ಮಹಡಿಯ ಕೋಣೆಯಲ್ಲಿ ಮಾನಸಗಂಗೋತ್ರಿಗೆ ಓದಲು ಬಂದ ಶ್ರೀಲಂಕಾದ ಹುಡುಗಿಯೊಬ್ಬಳು ಬಾಡಿಗೆಗಿದ್ದಾಳೆ. ಅವಳನ್ನು ನೋಡಿಕೊಂಡು ಹೋಗಲು ತಾಯಿ ಬಂದಿದ್ದರು. ಶ್ರೀಲಂಕಾದ ಉತ್ತರ ಭಾಗದ ಮುಲ್ಲೈತೀವು ಕಡೆಯವರು. ನನಗೆ ಒಂದಿಷ್ಟು ತಮಿಳು ಬರುತ್ತದೆ. ಮಂಡ್ಯದಲ್ಲಿ ನಮ್ಮ ಪಕ್ಕದ ಮನೆಯವರು ಸಕ್ಕರೆ ಕಾರ್ಖಾನೆಯ ಕೆಲಸಕ್ಕೆಂದು ತಮಿಳು ನಾಡಿನಿಂದ ಬಂದು ನೆಲೆಸಿದವರು, ನಾನು ಅವರ ಮನೆಯಲ್ಲಿ ಆಡಿ ಬೆಳೆದವಳು. ಹಾಗಾಗಿ ಸಂಜೆ ಆ ತಾಯಿಯ ಜೊತೆ ಹಿತ್ತಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತ ಮಾತನಾಡುವುದು ಸಾಧ್ಯವಾಯಿತು. 2009ರ ಮೇ 18ರಂದು, ಅಲ್ಲಿನ ಸೇನೆಗೂ ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡುತ್ತಿದ್ದ ಎಲ್‌ಟಿಟಿಇಗೂ ನಡೆದ ಯುದ್ಧ ಮುಗಿದ ಹೊತ್ತಿನಲ್ಲಿ, ವಟ್ಟುವಾಗಲ್ ಸೇತುವೆಯ ಬಳಿ ಅವರ ಹತ್ತೊಂಬತ್ತು ವರ್ಷದ ಮಗನನ್ನು ಸೈನಿಕರು ಬಸ್ಸಿಗೆ ಹತ್ತಿಸಿಕೊಂಡರಂತೆ. ಅವನು ಹಿಂದಿರುಗಲಿಲ್ಲ. 2010ರಲ್ಲಿ ಸರ್ಕಾರ ನೇಮಿಸಿದ 'ಕಲಿತ ಪಾಠಗಳು ಮತ್ತು ಸಾಮರಸ್ಯ ಆಯೋಗ'ದ ಮುಂದೆ ಹೇಳಿಕೆ ಕೊಟ್ಟರು. ಕಾಣೆಯಾದವರ ಬಗ್ಗೆ ವಿಚಾರಿಸಲು 2013ರಲ್ಲಿ ಬಂದ ಪರಣಗಮ ಆಯೋಗದ ಮುಂದೆ ಕೊಟ್ಟರು. ಆಮೇಲೆ ಕಾಣೆಯಾದವರ ಕಚೇರಿಗೂ ಹೋದರು. ಮೂರು ಕಡೆಯ ಕಾಗದಗಳನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡಿದ್ದಾರೆ. "ಎಲ್ಲರೂ ಕೇಳಿ ಬರೆದುಕೊಂಡರು ಅಕ್ಕಾ, ಯಾರೂ ಉತ್ತರ ಹೇಳಲಿಲ್ಲ" ಎಂದರು.

ಆ ಮಾತು ನನ್ನನ್ನು ಮಲಗಲು ಬಿಡಲಿಲ್ಲ. ಮಂಡ್ಯಕ್ಕೆ ಬಂದವಳೇ ವಿಶ್ವಸಂಸ್ಥೆಯ ವರದಿಗಳನ್ನು ಮುದ್ರಿಸಿ ತರಿಸಿಕೊಂಡೆ. ಅವೂ ನಮ್ಮ ಅರ್ಜಿಗಳಂತೆಯೇ ಸಂಖ್ಯೆ ಹಾಕಿದ ಪ್ಯಾರಾಗಳಲ್ಲಿವೆ. ಒಂದು ಉದ್ದನೆಯ ಪುಸ್ತಕದಲ್ಲಿ ನಡುವೆ ಗೆರೆ ಎಳೆದೆ. ಎಡಕ್ಕೆ ಆರೋಪ, ಬಲಕ್ಕೆ ಉತ್ತರ.

ಮೊದಲಿಗೆ ಕಂಡದ್ದು ನಮ್ಮ ದೇಶದವರೇ ಒಬ್ಬರ ಹೆಸರು. ಯುದ್ಧದ ಕೊನೆಯ ಘಟ್ಟಕ್ಕೂ ಮುಂಚೆ, 2006ರಲ್ಲಿ ಮೂತೂರಿನಲ್ಲಿ ಹದಿನೇಳು ಪರಿಹಾರ ಕಾರ್ಯಕರ್ತರ ಕೊಲೆಯೂ ಸೇರಿದಂತೆ ಹಲವು ಪ್ರಕರಣಗಳಿಗೆ ಶ್ರೀಲಂಕಾ ತಾನೇ ಒಂದು ಆಯೋಗ ರಚಿಸಿತ್ತು. ಅದರ ಕೆಲಸವನ್ನು ಗಮನಿಸಲು ಕರೆಸಿದ್ದ ಗಣ್ಯರ ಅಂತರರಾಷ್ಟ್ರೀಯ ತಂಡಕ್ಕೆ ನಮ್ಮ ನಿವೃತ್ತ ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅಧ್ಯಕ್ಷರು. ಸತ್ಯ ಹುಡುಕುವ ರಾಜಕೀಯ ಇಚ್ಛೆ ಕಾಣುತ್ತಿಲ್ಲ ಎಂದು ಆ ತಂಡ 2008ರಲ್ಲಿ ಕೆಲಸ ಮುಗಿಸಿ ಹೊರಟಿತು. ನ್ಯಾಯಾಲಯಕ್ಕೆ ಅರ್ಜಿ ಹಾಕುವುದು ಹೇಗೆಂದು ತಿಳಿಯದ ಬಡವನ ಒಂದು ಪತ್ರವನ್ನೇ ಅರ್ಜಿಯೆಂದು ಸ್ವೀಕರಿಸುವ ದಾರಿ ತೆರೆದವರಲ್ಲಿ ಭಗವತಿಯವರು ಮುಖ್ಯರು. ಅಂಥವರೇ ಕೈ ಚೆಲ್ಲಿದರು ಎಂದು ಓದಿ ಬಹಳ ಹೊತ್ತು ಪುಟ ತಿರುಗಿಸಲು ಆಗಲಿಲ್ಲ.

ಯುದ್ಧ ಮುಗಿದು ಹತ್ತು ದಿನವೂ ಆಗಿರಲಿಲ್ಲ. 2009ರ ಮೇ 27ರಂದು ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಶ್ರೀಲಂಕಾ ತಾನೇ ಒಂದು ನಿರ್ಣಯ ಮಂಡಿಸಿ, 29 ಮತ ಪಡೆದು ಗೆದ್ದಿತು. ವಿರುದ್ಧ ಬಿದ್ದದ್ದು 12. ಭಾರತದ ಮತ ಶ್ರೀಲಂಕಾದ ಪರ. ಪ್ರತಿವಾದಿಯೇ ಬರೆದು ತಂದ ಆದೇಶಕ್ಕೆ ಪೀಠ ಸಹಿ ಹಾಕಿದಂತಾಯಿತು. ಮರುವರ್ಷ ವಿಶ್ವಸಂಸ್ಥೆಯ ಪ್ರಧಾನ ಕಾರ್ಯದರ್ಶಿ ಬಾನ್ ಕಿ ಮೂನ್ ತಮಗೆ ಸಲಹೆ ನೀಡಲು ಮೂವರು ತಜ್ಞರನ್ನು ನೇಮಿಸಿದರು: ಇಂಡೊನೇಷ್ಯಾದ ಮರ್ಜುಕಿ ದರುಸ್ಮಾನ್, ದಕ್ಷಿಣ ಆಫ್ರಿಕಾದ ಯಾಸ್ಮಿನ್ ಸೂಕಾ, ಅಮೆರಿಕದ ಸ್ಟೀವನ್ ರಾಟ್ನರ್. ಇದನ್ನು ವಿರೋಧಿಸಿ 2010ರ ಜುಲೈನಲ್ಲಿ ಶ್ರೀಲಂಕಾದ ಸಚಿವ ವಿಮಲ್ ವೀರವಂಶ ಅವರು ಕೊಲಂಬೊದ ವಿಶ್ವಸಂಸ್ಥೆ ಕಚೇರಿಯ ಎದುರು ಉಪವಾಸ ಕುಳಿತರು. ಈ ಮೂವರು ಕೊಟ್ಟ ವರದಿಯನ್ನು ಅಲ್ಲಿನ ಸರ್ಕಾರ ವಿಶ್ವಸಂಸ್ಥೆಯ ವರದಿ ಎನ್ನಲಿಲ್ಲ, 'ದರುಸ್ಮಾನ್ ವರದಿ' ಎಂದಿತು. ಒಬ್ಬ ಮನುಷ್ಯನ ಅಭಿಪ್ರಾಯ ಎಂಬಂತೆ ಕೇಳಿಸಲಿ ಎಂದೇ ಆ ಹೆಸರು.

2011ರ ಏಪ್ರಿಲ್‌ನಲ್ಲಿ ಹೊರಬಂದ ಆ ವರದಿ ತೀರ್ಪು ಕೊಡಲಿಲ್ಲ. 'ನಂಬಲರ್ಹ ಆರೋಪಗಳು' ಎಂದಷ್ಟೇ ಹೇಳಿತು. ಸರ್ಕಾರದ ಮೇಲೆ ಐದು ಬಗೆ, ಎಲ್‌ಟಿಟಿಇ ಮೇಲೆ ಆರು ಬಗೆ. ಈ ಎರಡನೆಯದನ್ನು ಓದದೆ ಹೋಗುವವರು ಎರಡೂ ಕಡೆ ಇದ್ದಾರೆ. ಜನರನ್ನು ಗುರಾಣಿಯಂತೆ ಹಿಡಿದಿಟ್ಟುಕೊಂಡದ್ದು, ತಪ್ಪಿಸಿಕೊಂಡು ಓಡುವವರಿಗೆ ಗುಂಡು ಹೊಡೆದದ್ದು, ಮಕ್ಕಳನ್ನು ಸೇನೆಗೆ ಎಳೆದದ್ದು ಎಲ್‌ಟಿಟಿಇ ಲೆಕ್ಕಕ್ಕೆ. ಆ ಕಡೆಯಿಂದ ತಕರಾರು ಸಲ್ಲಿಸಲು ನಾಯಕರಲ್ಲಿ ಹೆಚ್ಚಿನವರು ಉಳಿದಿಲ್ಲ. ಸರ್ಕಾರದ ಮೇಲೆ ಇರುವುದು ತಾನೇ ಗುರುತಿಸಿದ 'ಗುಂಡು ಹಾರಿಸದ ವಲಯ'ಗಳ ಮೇಲೆ ಶೆಲ್ ದಾಳಿ, ಆಸ್ಪತ್ರೆಗಳ ಮೇಲೆ ಶೆಲ್ ದಾಳಿ, ಅನ್ನ ಔಷಧ ತಡೆದದ್ದು. ಸತ್ತ ನಾಗರಿಕರು 40,000ದವರೆಗೂ ಇರಬಹುದು ಎಂದು ವರದಿ ಬರೆಯಿತು.

ನನ್ನ ಪುಸ್ತಕದ ಬಲಬದಿಯಲ್ಲಿ ಇದಕ್ಕೆಲ್ಲ ಬಂದದ್ದು ಹೀಗೆ: ನೇಮಕಕ್ಕೆ ಅಧಿಕಾರವಿಲ್ಲ. ತಜ್ಞರು ಪಕ್ಷಪಾತಿಗಳು. ಸಾರ್ವಭೌಮ ರಾಷ್ಟ್ರದ ಒಳವಿಷಯ. ನಮ್ಮದೇ ಆಯೋಗವಿದೆ. ಎಲ್ಲವೂ ಮೊದಲ ಪ್ಯಾರಾದ ಮಾತು. ಒಂದೇ ಒಂದು ಸಲ ಪ್ಯಾರಾವಾರು ಉತ್ತರದ ಹತ್ತಿರ ಬಂದರು. ಒಬ್ಬ ನಾಗರಿಕನೂ ಸಾಯಬಾರದು ಎಂಬ ನೀತಿಯನ್ನೇ ಪಾಲಿಸಿದೆವು ಎಂದು ಹೇಳಿಕೊಂಡು ಬಂದ ಸರ್ಕಾರದ ರಕ್ಷಣಾ ಸಚಿವಾಲಯ, ನಾಗರಿಕರ ಸಾವನ್ನು ಪೂರ್ತಿ ತಪ್ಪಿಸುವುದು ಸಾಧ್ಯವಿರಲಿಲ್ಲ ಎಂದು 2011ರ ಆಗಸ್ಟ್‌ನಲ್ಲಿ ಬರೆಯಿತು. ಆ ಸಾಲನ್ನು ನಾನು ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದೇನೆ.

ಶ್ರೀಲಂಕಾ ಒಂದನ್ನೇ ದೂರುವುದು ನ್ಯಾಯವಲ್ಲ. ಅದೇ 2009ರಲ್ಲಿ ಗಾಜಾ ಯುದ್ಧದ ತನಿಖೆಗೆ ಹೊರಟ ರಿಚರ್ಡ್ ಗೋಲ್ಡ್‌ಸ್ಟೋನ್ ಅವರ ತಂಡಕ್ಕೆ ಇಸ್ರೇಲ್ ಸಹಕರಿಸಲಿಲ್ಲ. ಅವರು ಈಜಿಪ್ಟಿನ ರಫಾ ಗಡಿಯಿಂದ ಒಳಗೆ ಹೋಗಬೇಕಾಯಿತು. ಆಫ್ಘಾನಿಸ್ತಾನದ ತನಿಖೆಗೆ ಕೈ ಹಾಕಿದ್ದಕ್ಕೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಅಭಿಯೋಜಕಿ ಫಾತೂ ಬೆನ್ಸೂಡಾ ಅವರ ಮೇಲೆ 2020ರಲ್ಲಿ ಅಮೆರಿಕ ನಿರ್ಬಂಧ ಹೇರಿತು. 2023ರಲ್ಲಿ ಪುಟಿನ್ ಅವರ ಮೇಲೆ ಬಂಧನ ವಾರಂಟ್ ಹೊರಟಾಗ ರಷ್ಯಾ ಅದೇ ನ್ಯಾಯಾಲಯದ ನ್ಯಾಯಾಧೀಶರ ಮೇಲೆಯೇ ಮೊಕದ್ದಮೆ ಹೂಡಿತು. ಬೇರೆ ದಾರಿ ಇಲ್ಲವೇ ಇಲ್ಲ ಎಂದಲ್ಲ. ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ತನ್ನ ಶಾಂತಿಪಾಲನಾ ಸೈನಿಕರ ಕಣ್ಣೆದುರೇ ಊರು ಶತ್ರುವಿನ ವಶವಾಗಿ ಎಂಟು ಸಾವಿರದಷ್ಟು ಗಂಡಸರೂ ಹುಡುಗರೂ ಹತರಾದದ್ದರ ಬಗ್ಗೆ ತಾನೇ ಮಾಡಿಸಿದ ಅಧ್ಯಯನ ಕೈಗೆ ಬಂದಾಗ, 2002ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್‌ನ ವಿಮ್ ಕೋಕ್ ಸರ್ಕಾರ ರಾಜೀನಾಮೆ ಕೊಟ್ಟಿತು.

ಮಂಡ್ಯದವಳಾದ ನನಗೆ ಹೊರಗಿನ ನ್ಯಾಯಮಂಡಳಿ ಎಂದರೆ ಹೊಟ್ಟೆ ಉರಿಯುವುದು ಏನೆಂದು ಗೊತ್ತು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ 205 ಟಿಎಂಸಿ ನೀರು ಬಿಡಿ ಎಂದು ಮಧ್ಯಂತರ ಆದೇಶ ಕೊಟ್ಟಾಗ ನಮ್ಮ ರಾಜ್ಯ ಸುಗ್ರೀವಾಜ್ಞೆ ತಂದು ಒಪ್ಪುವುದಿಲ್ಲ ಎಂದಿತು, ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು. ಆ ಡಿಸೆಂಬರಿನ ಗಲಭೆಯ ರಾತ್ರಿಗಳಲ್ಲಿ ನಮ್ಮ ಪಕ್ಕದ ಮನೆಯವರು ದೀಪ ಹಚ್ಚದೆ ಕುಳಿತಿದ್ದರು, ನನ್ನ ಅಪ್ಪ ಅವರ ಜಗುಲಿಯ ಮೇಲೆ ಚಾಪೆ ಹಾಸಿ ಮಲಗುತ್ತಿದ್ದರು. ಸಂಜಯ ವೃತ್ತದಲ್ಲಿ ಇಂದಿಗೂ ನಾವು ರಸ್ತೆ ತಡೆಯುತ್ತೇವೆ. ಆದರೆ ವಿಚಾರಣೆಯ ಒಳಗೆ ನಮ್ಮವರು ಒಳಹರಿವು, ಮಳೆ, ಬೆಳೆ ಎಲ್ಲಕ್ಕೂ ಲೆಕ್ಕ ಕೊಟ್ಟರು. ತಮಿಳುನಾಡಿನ ಅಂತರ್ಜಲವನ್ನೂ ಲೆಕ್ಕಕ್ಕೆ ಹಿಡಿಯಿರಿ, ಬೆಂಗಳೂರಿನ ಕುಡಿಯುವ ನೀರನ್ನೂ ನೋಡಿ ಎಂದು ವಾದಿಸಿದರು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ನಮ್ಮ ಪಾಲಿಗೆ 14.75 ಟಿಎಂಸಿ ಹೆಚ್ಚಿಸಿದ್ದು ಆ ಉತ್ತರಗಳಿಂದ. ನೀರನ್ನೂ ಹೆಣಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ವ್ಯಾಪ್ತಿಗೆ ಆಕ್ಷೇಪ ಎತ್ತಿದವರೂ ಮುಂದಿನ ಪ್ಯಾರಾಗಳಿಗೆ ಉತ್ತರ ಕೊಡಬಲ್ಲರು, ಅದರಿಂದ ಮಾನ ಹೋಗುವುದಿಲ್ಲ ಎಂಬುದನ್ನು ನಾವು ಬದುಕಿ ಕಂಡಿದ್ದೇವೆ.

ನಮ್ಮ ದೇಶದ ಮತಗಳ ಪುಟ ನನಗೆ ನೋವಿನದು. 2012ರಲ್ಲಿ, 2013ರಲ್ಲಿ ಜಿನೀವಾದಲ್ಲಿ ಭಾರತ ಶ್ರೀಲಂಕಾವನ್ನು ಹೊಣೆಗಾರಿಕೆಗೆ ಒತ್ತಾಯಿಸುವ ನಿರ್ಣಯದ ಪರ ನಿಂತಿತು. 2014ರ ಮಾರ್ಚ್‌ನಲ್ಲಿ ಮೊದಲ ಬಾರಿಗೆ ಅಂತರರಾಷ್ಟ್ರೀಯ ತನಿಖೆಯ ಮಾತು ಬಂದಾಗ, ಅದು ಸಾರ್ವಭೌಮತೆಗೆ ಧಕ್ಕೆ ತರುವ ಕ್ರಮವೆಂದು ಹೇಳಿ ಮತದಾನದಿಂದ ದೂರ ಉಳಿಯಿತು. ನಿರ್ಣಯ 23-12ರಿಂದ ಗೆದ್ದಿತು, ದೂರ ಉಳಿದವರೂ 12. 2021ರಲ್ಲಿ ಮತ್ತೆ ದೂರ ಉಳಿಯಿತು. ನೆರೆಯವರನ್ನು ಚೀನಾದ ಕಡೆಗೆ ದೂಡಬಾರದು ಎಂಬ ಲೆಕ್ಕಾಚಾರ ನನಗೂ ಅರ್ಥವಾಗುತ್ತದೆ. ಒಪ್ಪಲು ಆಗುವುದಿಲ್ಲ. 2015ರಲ್ಲಿ ಶ್ರೀಲಂಕಾವೇ ನಿರ್ಣಯಕ್ಕೆ ಸಹಪ್ರಾಯೋಜಕನಾಗಿ ವಿದೇಶಿ ನ್ಯಾಯಾಧೀಶರೂ ಭಾಗವಹಿಸುವ ವಿಚಾರಣೆಗೆ ಒಪ್ಪಿತ್ತು, ಸರ್ಕಾರ ಬದಲಾಗಿ 2020ರಲ್ಲಿ ಹಿಂದೆ ಸರಿಯಿತು. ಆಗಲೂ ನಾವು ಗಟ್ಟಿಯಾಗಿ ಒಂದು ಮಾತು ಹೇಳಬಹುದಿತ್ತು.

ಹೋದ ವಾರ ಮತ್ತೆ ಮೈಸೂರಿಗೆ ಹೋದೆ. ಆ ತಾಯಿ ಮರುದಿನ ಊರಿಗೆ ಹೊರಡುವವರಿದ್ದರು. ನಾಲ್ಕನೆಯ ಸಲ ಅರ್ಜಿ ಬರೆಯಬೇಕು, ಚೆನ್ನಾಗಿ ಬರೆಯುವುದು ಹೇಗೆಂದು ಹೇಳಿಕೊಡಿ ಎಂದರು. ಹಿಂದಿನ ಮೂರೂ ಐದಾರು ಪುಟದವು, ಊರು ಬಿಟ್ಟದ್ದರಿಂದ ಹಿಡಿದು ಎಲ್ಲವೂ ಇತ್ತು. ನಾನು ಎಲ್ಲವನ್ನೂ ತೆಗೆಸಿದೆ. ಮಗನ ಹೆಸರು, ವಯಸ್ಸು, ದಿನಾಂಕ, ಸೇತುವೆಯ ಹೆಸರು, ಹಿಂದಿನ ಮೂರು ನೋಂದಣಿ ಸಂಖ್ಯೆಗಳು, ಆ ಬಸ್ಸು ಎಲ್ಲಿಗೆ ಹೋಯಿತು ಎಂಬ ಪ್ರಶ್ನೆ. ಮಗಳು ಮಂಚದ ಮೇಲೆ ಕುಳಿತು ಅದನ್ನು ತಮಿಳಿನಲ್ಲಿ ಬರೆದಳು. ಒಂದೇ ಪ್ಯಾರಾ ಆಯಿತು. ಸಂಖ್ಯೆ ಹಾಕಬೇಕೇ ಎಂದು ಕೇಳಿದಳು. ಹಾಕು ಎಂದೆ.