ಎಲೆ ಉದುರಿದ ಆರ್ಕಿಡ್ ಗಡ್ಡೆಯಿಂದ ಹೊಸ ಗಿಡ

ಆರ್ಕಿಡ್‌ನ ಕುಂಡ ಬದಲಿಸುವಾಗ ಹಿಂಭಾಗದಲ್ಲಿ ಎಲೆಯಿಲ್ಲದೆ ಸುಕ್ಕುಗಟ್ಟಿ ಕೂತಿರುವ ಗಡ್ಡೆಗಳನ್ನು ಬಹಳ ಜನ ಕಿತ್ತು ಗೊಬ್ಬರದ ಗುಂಡಿಗೆ ಎಸೆದುಬಿಡುತ್ತಾರೆ. ದಯವಿಟ್ಟು ಎಸೆಯಬೇಡಿ. ಹಸಿರು ಉಳಿದಿದ್ದು, ಹಿಸುಕಿದರೆ ಗಟ್ಟಿಯಾಗಿದ್ದರೆ ಆ ಗಡ್ಡೆಯಲ್ಲಿ ನೀರೂ ಪಿಷ್ಟವೂ ಇನ್ನೂ ಇವೆ. ಬುಡದಲ್ಲಿ ಒಂದೆರಡು ಕಣ್ಣುಗಳು ಎಚ್ಚರವಾಗಲು ಕಾಯುತ್ತಿವೆ.

ಆನ್ಸಿಡಿಯಂ, ಕ್ಯಾಟ್ಲಿಯಾ, ಸಿಂಬಿಡಿಯಂ, ಡೆಂಡ್ರೋಬಿಯಂಗಳಿಗೆ ಈ ವಿಧಾನ ಹೊಂದುತ್ತದೆ. ಇವೆಲ್ಲ ಅಡ್ಡಕ್ಕೆ ಹರಿಯುವ ಕಾಂಡದ ಮೇಲೆ ಒಂದರ ಮುಂದೊಂದು ಗಡ್ಡೆ ಕಟ್ಟುತ್ತಾ ಹೋಗುವ ಗಿಡಗಳು. ಫೆಲನಾಪ್ಸಿಸ್, ವ್ಯಾಂಡಾ, ಮಲೆನಾಡಿನ ಮರಗಳ ಮೇಲೆ ಜೋತಾಡುವ ಸೀತಾಳೆ ದಂಡೆ ಇವುಗಳಿಗೆ ಗಡ್ಡೆಯೇ ಇಲ್ಲ, ಒಂದೇ ತುದಿಯಿಂದ ಮೇಲಕ್ಕೆ ಬೆಳೆಯುತ್ತವೆ. ಅವುಗಳ ಮೇಲೆ ಇದನ್ನು ಪ್ರಯೋಗಿಸಬೇಡಿ.

ಮೊದಲು ಕಣ್ಣು ನೋಡಬೇಕು. ಗಡ್ಡೆಗೆ ಅಂಟಿಕೊಂಡ ಒಣ ಸಿಪ್ಪೆಯನ್ನು ಮೇಲಿಂದ ಕೆಳಕ್ಕೆ ಸೀಳಿ, ಎರಡೂ ಬದಿಗೆ ಮೆಲ್ಲನೆ ಬಿಡಿಸಿ. ಜೋರಾಗಿ ಎಳೆದರೆ ಸಿಪ್ಪೆಯ ಜೊತೆ ಕಣ್ಣೂ ಕಿತ್ತು ಬರುತ್ತದೆ. ಬುಡದಲ್ಲಿ, ಅಡ್ಡಕಾಂಡಕ್ಕೆ ಸೇರುವ ಜಾಗದಲ್ಲಿ, ಜೋಳದ ಕಾಳಿನಷ್ಟು ಉಬ್ಬಿದ, ತುದಿ ಚೂಪಾದ, ಹಸಿರು ಅಥವಾ ಕೆನೆಬಣ್ಣದ ಗುಬಟು ಕಂಡರೆ ಅದು ಜೀವಂತ ಕಣ್ಣು. ಕಪ್ಪಾಗಿ ಚಪ್ಪಟೆಯಾಗಿ, ಉಗುರು ತಾಗಿಸಿದರೆ ಪುಡಿಯಾಗುವಂತಿದ್ದರೆ ಅದು ಸತ್ತಿದೆ. ಎರಡೂ ಕಣ್ಣು ಹೋಗಿರುವ ಗಡ್ಡೆ ಎಷ್ಟೇ ದುಂಡಗಿದ್ದರೂ ಚಿಗುರುವುದಿಲ್ಲ. ಸಿಪ್ಪೆಯ ಒಳಗೆ ಹಿಟ್ಟು ತಿಗಣೆ, ಶಲ್ಕ ಕೀಟಗಳು ಅಡಗಿರುವುದೂ ಉಂಟು. ಸಿಕ್ಕಿದರೆ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಕಣ್ಣಿಗೆ ತಾಗದಂತೆ ಉಜ್ಜಿ ತೆಗೆಯಿರಿ.

ಇನ್ನು ಕತ್ತರಿಸುವುದು. ಮುಂದಿನ ಚಿಗುರಿನಿಂದ ಹರಿದುಬರುವ ಆಕ್ಸಿನ್ ಎಂಬ ಹಾರ್ಮೋನು ಹಿಂದಿನ ಕಣ್ಣುಗಳನ್ನು ಮಲಗಿಸಿ ಇಟ್ಟಿರುತ್ತದೆ. ನಡುವಿನ ಅಡ್ಡಕಾಂಡ ತುಂಡಾದರೆ ಆ ತಡೆ ಹೋಗುತ್ತದೆ. ಇದಕ್ಕಾಗಿ ಗಡ್ಡೆಯನ್ನು ಕುಂಡದಿಂದ ಕೀಳಲೇಬೇಕೆಂದಿಲ್ಲ. ಕ್ಯಾಟ್ಲಿಯಾಕ್ಕಂತೂ ನಾನು ಹೇಳುವುದು ಇಷ್ಟೇ: ಮುಂದೆ ಮೂರು ನಾಲ್ಕು ಗಡ್ಡೆ ಬಿಟ್ಟು ಅಡ್ಡಕಾಂಡವನ್ನು ಪೂರ್ತಿ ಕತ್ತರಿಸಿ, ಎಲ್ಲವನ್ನೂ ಅದೇ ಕುಂಡದಲ್ಲಿ ಹಾಗೇ ಬಿಡಿ. ಹಿಂದಿನ ಗಡ್ಡೆಗಳಿಗೆ ಹಳೆ ಬೇರುಗಳ ಆಸರೆ ಇದ್ದೇ ಇರುತ್ತದೆ. ಕಣ್ಣು ಚಿಗುರಿ ಹೊಸ ಬೇರು ಇಣುಕಿದ ಮೇಲೆ ಬೇರೆ ಮಾಡಿದರೆ ಸೋಲುವುದು ಅಪರೂಪ. ನಮ್ಮ ಕಡೆ ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಸಮಯ. ಮಳೆ ಹಿಡಿಯುವ ಹೊತ್ತಿಗೆ ಗಾಯ ಒಣಗಿರುತ್ತದೆ.

ಗಿಡಕ್ಕೊಂದು ಹೊಸ ಬ್ಲೇಡು ಬಳಸಿ, ಅಥವಾ ಚಾಕುವಿನ ಅಲಗನ್ನು ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿಕೊಳ್ಳಿ. ಸಿಂಬಿಡಿಯಂ ಮೊಸಾಯಿಕ್ ವೈರಸ್ ಚಾಕುವಿಗೆ ಅಂಟಿದ ರಸದ ಮೂಲಕವೇ ಗಿಡದಿಂದ ಗಿಡಕ್ಕೆ ದಾಟುತ್ತದೆ, ಅದಕ್ಕೆ ಮದ್ದಿಲ್ಲ. ಬರೀ ಸ್ಪಿರಿಟ್ಟಿನಲ್ಲಿ ಒರೆಸಿದರೆ ವೈರಸ್ ಹೋಯಿತೆಂದು ನಂಬುವ ಹಾಗಿಲ್ಲ. ಕತ್ತರಿಸಿದ ಮುಖವನ್ನೂ ಗಮನಿಸಿ. ಬಿಳಿ ಅಥವಾ ತಿಳಿಹಸಿರಾಗಿದ್ದರೆ ಆರೋಗ್ಯ ಚೆನ್ನಾಗಿದೆ. ನೇರಳೆ ಬಣ್ಣದ ಉಂಗುರ ಕಂಡರೆ ಅದು ಫ್ಯುಸೇರಿಯಂ ಶಿಲೀಂಧ್ರ. ಸ್ವಚ್ಛ ಭಾಗ ಸಿಗುವವರೆಗೆ ಕೊಯ್ಯುತ್ತಾ ಹೋಗಿ, ಪ್ರತಿ ಕೊಯ್ತಕ್ಕೂ ಬ್ಲೇಡು ಬದಲಿಸಿ. ಗಾಯಕ್ಕೆ ಅಡುಗೆಮನೆಯ ಚಕ್ಕೆಪುಡಿ ಸವರಿದರೆ ಸಾಕು. ಬೇರಿನ ಮೇಲೆ ಬಿದ್ದರೆ ಚಕ್ಕೆಪುಡಿ ಬೇರನ್ನೂ ಒಣಗಿಸುತ್ತದೆ, ಹುಷಾರು.

ಕುಂಡದಿಂದ ಈಗಾಗಲೇ ಬೇರೆಯಾಗಿರುವ ಗಡ್ಡೆಗಳಿದ್ದರೆ ಸತ್ತ ಬೇರುಗಳನ್ನು ಕತ್ತರಿಸಿ, ನೆರಳಲ್ಲಿ ಎರಡು ದಿನ ಆರಲು ಬಿಡಿ. ಸ್ಫ್ಯಾಗ್ನಮ್ ಪಾಚಿಯನ್ನು ಅರ್ಧ ಗಂಟೆ ನೆನೆಸಿ, ಒಂದು ಹನಿಯೂ ತೊಟ್ಟಿಕ್ಕದಂತೆ ಹಿಂಡಿ. ಜಿಪ್ ಇರುವ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಹಿಡಿ ಪಾಚಿ ಹರಡಿ, ಅದರ ಮೇಲೆ ಗಡ್ಡೆ ಇಡಿ. ಹೂಳಬೇಡಿ, ಕಣ್ಣು ಮೇಲೆ ಕಾಣುತ್ತಿರಬೇಕು. ಬೆಳಕು ಚೆನ್ನಾಗಿದ್ದು ಬಿಸಿಲು ತಾಗದ ಕಡೆ, 22ರಿಂದ 28 ಡಿಗ್ರಿ ಸೆಲ್ಸಿಯಸ್ ಇರುವಲ್ಲಿಡಿ. ನೇರ ಬಿಸಿಲಿಗೆ ಸಿಕ್ಕಿದರೆ ಮುಚ್ಚಿದ ಚೀಲದೊಳಗೆ ಗಡ್ಡೆ ಬೆಂದೇ ಹೋಗುತ್ತದೆ. ವಾರಕ್ಕೊಮ್ಮೆ ಚೀಲ ತೆರೆದು ಗಾಳಿಯಾಡಿಸಿ.

ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ಗಡ್ಡೆ ಸುಕ್ಕುಗಟ್ಟುತ್ತಿದೆ ಎಂದು ಕನಿಕರದಿಂದ ನೀರು ಹಾಕುತ್ತಾರೆ. ಬೇರೇ ಇಲ್ಲದ ಗಡ್ಡೆ ನೀರು ಕುಡಿಯುವುದಾದರೂ ಹೇಗೆ? ಹಾಕಿದ ನೀರು ಗಾಯದ ಸುತ್ತ ನಿಂತು ಕೊಳೆಸುತ್ತದೆ, ಅಷ್ಟೇ. ಸುಕ್ಕುಗಟ್ಟುವುದು ಸಹಜ, ಒಳಗಿನ ದಾಸ್ತಾನು ಚಿಗುರಿಗೆ ಖರ್ಚಾಗುತ್ತಿರುತ್ತದೆ. ಮೆತ್ತಗಾಗಿ, ಕಂದು ನೀರು ಒಸರಿ, ವಾಸನೆ ಬಂದರೆ ಮಾತ್ರ ಎಸೆಯಿರಿ. ಒಂದು ಚೀಲದಲ್ಲಿ ನಾಲ್ಕು ಗಡ್ಡೆ ತುಂಬಿದರೆ ಒಂದರ ಕೊಳೆ ನಾಲ್ಕಕ್ಕೂ ಹಬ್ಬುತ್ತದೆ, ಆದ್ದರಿಂದ ಬೇರೆ ಬೇರೆ ಇಡುವುದೇ ಸರಿ. ಚಿಗುರಲು ಒಂದು ತಿಂಗಳಾಗಬಹುದು, ಮೂರು ತಿಂಗಳೂ ಆಗಬಹುದು. ಗಟ್ಟಿಯಾಗಿರುವಷ್ಟು ದಿನ ಕಾಯಿರಿ.

ಡೆಂಡ್ರೋಬಿಯಂನ ಗಡ್ಡೆ ಕಬ್ಬಿನ ಜಲ್ಲೆಯಂತೆ ಉದ್ದ, ಕಣ್ಣುಗಳು ಗೆಣ್ಣುಗೆಣ್ಣಿಗೂ ಇರುತ್ತವೆ. ಎರಡು ಮೂರು ಗೆಣ್ಣಿನ ತುಂಡು ಮಾಡಿ ಪಾಚಿಯ ಮೇಲೆ ಅಡ್ಡ ಮಲಗಿಸಿ. ಹೂ ಬಿಟ್ಟು ಮುಗಿದ ಗೆಣ್ಣು ಮತ್ತೆ ಚಿಗುರುವುದಿಲ್ಲ, ಹೂದಂಟಿನ ಗುರುತಿಲ್ಲದ ಗೆಣ್ಣುಗಳನ್ನೇ ಆರಿಸಿ. ನೊಬಿಲೆ ಬಗೆಯವು ಸುಲಭವಾಗಿ ಮರಿ ಕೊಡುತ್ತವೆ.

ಚಿಗುರು ಕಂಡ ಕೂಡಲೇ ಕುಂಡಕ್ಕೆ ಹಾಕುವ ಅವಸರ ಬೇಡ. ಹೊಸ ಬೇರು ಬರುವುದು ಚಿಗುರಿನ ಬುಡದಿಂದ, ಹಳೆ ಗಡ್ಡೆಯಿಂದಲ್ಲ. ಬೇರು ಮೂರು ನಾಲ್ಕು ಸೆಂಟಿಮೀಟರ್ ಆಗಲಿ. ಆಮೇಲೆ ಮೂರು ಇಂಚಿನ ಕುಂಡ ಸಾಕು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆಯ ತುಂಡು ಸಮಸಮ ಬೆರೆಸಿ. ಸಿಪ್ಪೆಯ ತುಂಡುಗಳನ್ನು ಒಂದು ದಿನ ನೆನೆಸಿ, ಎರಡು ಮೂರು ಸಲ ನೀರು ಬದಲಿಸಿ ಉಪ್ಪಿನಂಶ ತೆಗೆದಿರಬೇಕು. ಅಡ್ಡಕಾಂಡ ಮೇಲೆಯೇ ಇರಲಿ. ಗಡ್ಡೆಯನ್ನು ಕಡ್ಡಿಗೆ ಕಟ್ಟಿ, ಅಲುಗಾಡಿದರೆ ಎಳೆಬೇರಿನ ತುದಿ ಮುರಿಯುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಮಳೆನೀರು ಕೂಡಿಟ್ಟು ಬಳಸಿ. ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರ ಲೀಟರು ನೀರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಮಳೆಗಾಲದ ರಾತ್ರಿ ಬಸವನಹುಳು ಬೇರಿನ ಹಸಿರು ತುದಿಯನ್ನೇ ಹುಡುಕಿ ತಿನ್ನುತ್ತದೆ, ಟಾರ್ಚ್ ಹಿಡಿದು ಆರಿಸಿ ತೆಗೆಯಬೇಕು.

ಮೊದಲ ಹೊಸ ಗಡ್ಡೆ ತಾಯಿಗಿಂತ ಸಣ್ಣದಿರುತ್ತದೆ, ಮುಂದಿನದು ಅದಕ್ಕಿಂತ ದಪ್ಪ. ಹೂವಿಗೆ ಎರಡು ಮೂರು ವರ್ಷ ಬೇಕಾಗುತ್ತದೆ. ಅಲ್ಲಿಯವರೆಗೆ ಹಳೆ ಗಡ್ಡೆ ಮುದುಡಿ ಅಂದಗೆಟ್ಟಿದ್ದರೂ ಕೀಳಬೇಡಿ. ಅದು ಒಣಹುಲ್ಲಿನ ಬಣ್ಣಕ್ಕೆ ತಿರುಗಿ, ಬೆರಳಲ್ಲಿ ಒತ್ತಿದರೆ ಟೊಳ್ಳೆನಿಸಿದ ಮೇಲೆ ತೆಗೆದರಾಯಿತು.