ದೊಡ್ಡ ದೇಣಿಗೆ: ಮೊತ್ತ ಹೇಳುವ ಮೊದಲು, ಹೇಳಿದ ಮೇಲೆ

ವಿಶ್ವವಿದ್ಯಾಲಯಕ್ಕೆ ದೊಡ್ಡ ದೇಣಿಗೆ ತರುವ ಹುದ್ದೆ ಅಂದರೆ ಸಿರಿವಂತರ ಜೊತೆ ಊಟ ಮಾಡಿ ಚೆಕ್ ಬರೆಸಿಕೊಂಡು ಬರುವುದು ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಮೊತ್ತವನ್ನು ಬಾಯಿಬಿಟ್ಟು ಹೇಳಲು ಒಂದು ನಿಮಿಷವೂ ಬೇಡ. ಉಳಿದದ್ದೆಲ್ಲ ಅದಕ್ಕೂ ಮುಂಚಿನ ಒಂದೆರಡು ವರ್ಷದ ಓಡಾಟ, ಆಮೇಲಿನ ಹತ್ತಾರು ವರ್ಷದ ಕಾಗದಪತ್ರ. ದೇಣಿಗೆ ಕೆಡುವುದೂ ಹೆಚ್ಚಾಗಿ ಅಲ್ಲೇ. ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ತರಬೇತಿಯಲ್ಲಿ ಹೇಗೆ ಕೇಳಬೇಕು ಅನ್ನುವುದನ್ನೇ ಹೇಳಿಕೊಡುತ್ತಾರೆ. ಅದರ ಹಿಂದುಮುಂದಿನದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಎಷ್ಟಾದರೆ ದೊಡ್ಡ ದೇಣಿಗೆ? ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಅಮೆರಿಕದಲ್ಲಿ 25 ಸಾವಿರ ಡಾಲರ್‌ಗೇ ಗೆರೆ ಹಾಕುವ ಕಾಲೇಜುಗಳಿವೆ, ಒಂದು ಲಕ್ಷಕ್ಕೆ ಹಾಕುವ ವಿಶ್ವವಿದ್ಯಾಲಯಗಳೂ ಇವೆ. ದೇಣಿಗೆ ತರುವ ಒಬ್ಬ ಅಧಿಕಾರಿಯ ಬಳಿ ಇರುವ, ಕೊಡಬಹುದಾದವರ ಪಟ್ಟಿಯಲ್ಲಿ ಸಾಮಾನ್ಯವಾಗಿ 100ರಿಂದ 150 ಹೆಸರು ಇರುತ್ತವೆ. ಯಾವುದೇ ಒಂದು ಹೊತ್ತಿನಲ್ಲಿ ನಿಜವಾಗಿ ಮಾತುಕತೆ ನಡೆಯುತ್ತಿರುವುದು ಅದರ ಕಾಲುಭಾಗದ ಜೊತೆ ಇದ್ದರೆ ಹೆಚ್ಚು. ಆಸ್ತಿ ಅಂದಾಜು ಮಾಡುವ ಸಾಫ್ಟ್‌ವೇರ್ ಮನೆಯ ಬೆಲೆ, ಷೇರು, ಕಂಪನಿಗಳ ನಿರ್ದೇಶಕ ಸ್ಥಾನ ಇವನ್ನೆಲ್ಲ ಕೂಡಿಸಿ ಪ್ರತಿ ಹೆಸರಿನ ಮುಂದೆ ಒಂದು ಅಂಕಿ ಇಟ್ಟುಕೊಡುತ್ತದೆ. ಸಾಲ ಎಷ್ಟಿದೆ, ದುಡ್ಡೆಲ್ಲ ಮನೆತನದ ವ್ಯಾಪಾರದಲ್ಲಿ ಸಿಕ್ಕಿಕೊಂಡಿದೆಯೇ, ಕಾಲೇಜಿನ ಮೇಲೆ ಹಳೆಯ ಮುನಿಸು ಏನಾದರೂ ಇದೆಯೇ, ಇದೊಂದೂ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಆ ಅಂಕಿಗಿಂತ ಹಳೆಯ ರಸೀದಿಗಳನ್ನು ಮೊದಲು ನೋಡುವುದು ವಾಸಿ. ಹದಿನೈದು ವರ್ಷದಿಂದ ತಪ್ಪದೆ ಸಣ್ಣ ಮೊತ್ತ ಕಳಿಸುತ್ತಿರುವವರು, ಒಮ್ಮೆಯೂ ಕೊಡದ ಕೋಟ್ಯಧಿಪತಿಗಿಂತ ಹತ್ತಿರದವರು. ಮೈಕೆಲ್ ಬ್ಲೂಮ್‌ಬರ್ಗ್ 1964ರಲ್ಲಿ ಜಾನ್ಸ್ ಹಾಪ್ಕಿನ್ಸ್‌ನಿಂದ ಪದವಿ ಪಡೆದರು, ಮರುವರ್ಷ ಕೊಟ್ಟದ್ದು 5 ಡಾಲರ್. 2018ರಲ್ಲಿ ಬಡ ವಿದ್ಯಾರ್ಥಿಗಳ ನೆರವಿಗೆಂದು ಅದೇ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದು 180 ಕೋಟಿ ಡಾಲರ್. ಎಲ್ಲರೂ ಹಾಗೆ ಬೆಳೆಯುವುದಿಲ್ಲ, ನಿಜ. ಆದರೆ 5 ಡಾಲರ್‌ನ ರಸೀದಿಗೆ ಸರಿಯಾಗಿ ಧನ್ಯವಾದ ಹೇಳದ ಕಚೇರಿಗೆ ದೊಡ್ಡದು ಬರುವುದು ಕಷ್ಟ.

ಮೊದಲ ಭೇಟಿಗೆ ಸಮಯ ಕೇಳುವಾಗ ಹುದ್ದೆ ಏನೆಂದು ಮುಚ್ಚಿಡಬೇಡಿ. "ಸುಮ್ಮನೆ ಮಾತಾಡಿಸಿಕೊಂಡು ಹೋಗೋಣ ಅಂತ" ಅಂದರೆ ಯಾರೂ ನಂಬುವುದಿಲ್ಲ. ದೇಣಿಗೆ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಈ ಭೇಟಿಯಲ್ಲಿ ಹಣ ಕೇಳುವುದಿಲ್ಲ ಎಂದು ನೇರವಾಗಿ ಬರೆಯಿರಿ, ಬರೆದಂತೆ ನಡೆದುಕೊಳ್ಳಿ. ಎದುರು ಕೂತ ಮೇಲೆ ಕಾಲೇಜಿನ ಹೊಸ ಕಟ್ಟಡಗಳ ಬಗ್ಗೆ ಭಾಷಣ ಶುರು ಮಾಡುವುದು ಸಾಮಾನ್ಯ ತಪ್ಪು. ತಿಳಿಯಬೇಕಾದ ಸಂಗತಿಗಳು ಬೇರೆ: ಓದುವಾಗ ಯಾರು ಕೈಹಿಡಿದರು, ಈಗ ಬೇರೆ ಎಲ್ಲೆಲ್ಲಿ ಕೊಡುತ್ತಾರೆ, ಅಲ್ಲಿ ಏನು ಹಿಡಿಸಿತು, ಏನು ಹಿಡಿಸಲಿಲ್ಲ, ಇಂಥ ತೀರ್ಮಾನ ಮನೆಯಲ್ಲಿ ಯಾರ ಯಾರ ಜೊತೆ ಕೂತು ಮಾಡುತ್ತಾರೆ. ಕೊನೆಯದನ್ನು ಕೇಳದೆ ಬಂದರೆ ಆರು ತಿಂಗಳ ಕೆಲಸ ಒಂದು ಸಂಜೆಯಲ್ಲಿ ಮಗುಚುತ್ತದೆ. ಗಂಡನ ಜೊತೆ ಎಲ್ಲ ಮಾತಾಡಿ ಮುಗಿಸಿ, ಹೆಂಡತಿಯ ಅಭಿಪ್ರಾಯವನ್ನೇ ಕೇಳದೆ ಪ್ರಸ್ತಾವ ಕಳಿಸುವುದು ಈ ಕೆಲಸದಲ್ಲಿ ಮತ್ತೆ ಮತ್ತೆ ಕಾಣುವ ಎಡವಟ್ಟು. ಎಷ್ಟೋ ಮನೆಗಳಲ್ಲಿ ಎಲ್ಲಿಗೆ ಕೊಡಬೇಕೆಂದು ನಿಶ್ಚಯಿಸುವವರು ಆಕೆಯೇ.

ಭೇಟಿಯ ವರದಿಯನ್ನು ಒಂದೆರಡು ದಿನದೊಳಗೆ ಬರೆದುಬಿಡಬೇಕು. ಅರ್ಧ ಪುಟ ಸಾಕು: ಯಾವ ವಿಷಯ ಬಂದಾಗ ಮಾತು ಹೆಚ್ಚಾಯಿತು, ಯಾವುದನ್ನು ಬೇಡ ಅಂದರು, ಮುಂದಿನ ಹೆಜ್ಜೆ ಏನು, ಯಾವ ತಾರೀಕಿನೊಳಗೆ. ದಾನಿಯೇ ಒಂದು ದಿನ ಇದನ್ನು ಓದಬಹುದು ಎಂದುಕೊಂಡು ಬರೆಯಿರಿ. ಬ್ರಿಟನ್‌ನಲ್ಲೂ ಯುರೋಪಿಯನ್ ಒಕ್ಕೂಟದಲ್ಲೂ ತನ್ನ ಬಗ್ಗೆ ಏನು ಬರೆದಿಟ್ಟಿದ್ದೀರಿ ತೋರಿಸಿ ಎಂದು ಕೇಳುವ ಹಕ್ಕು ಕಾನೂನಿನಲ್ಲೇ ಇದೆ. "ಸ್ವಲ್ಪ ಜಿಪುಣರು, ಮಗನ ಜೊತೆ ಮಾತಿಲ್ಲ" ಎಂಬ ಸಾಲು ಅಲ್ಲಿದ್ದರೆ ಮುಗಿಯಿತು.

ಇನ್ನು ಲೆಕ್ಕ. ದತ್ತಿನಿಧಿಯ ಗಣಿತ ಬಾಯಿಪಾಠವಾಗಿರದವರು ದಾನಿಯ ಎದುರು ಕೂರಲೇಬಾರದು. ದತ್ತಿ ಎಂದರೆ ಅಸಲು ಮುಟ್ಟುವಂತಿಲ್ಲ, ಹೂಡಿಕೆಯಿಂದ ಬರುವುದರಲ್ಲಿ ಒಂದು ಪಾಲನ್ನು ಮಾತ್ರ ವರ್ಷವರ್ಷ ಖರ್ಚು ಮಾಡುವುದು. ಆ ಪಾಲು ಸಾಮಾನ್ಯವಾಗಿ ನಿಧಿಯ ಒಟ್ಟು ಮೌಲ್ಯದ ಶೇಕಡಾ 4ರಿಂದ 5. ಶೇಕಡಾ 4 ಅಂತಿಟ್ಟುಕೊಂಡರೆ ಒಂದು ಲಕ್ಷ ಡಾಲರ್‌ನಿಂದ ವರ್ಷಕ್ಕೆ ಸಿಗುವುದು 4,000. ದಾನಿಯ ಮನಸ್ಸಿನಲ್ಲಿ "ಒಬ್ಬ ವಿದ್ಯಾರ್ಥಿಯ ಪೂರ್ತಿ ಫೀಸು" ಎಂಬ ಚಿತ್ರವಿದ್ದು, ಫೀಸು 20 ಸಾವಿರ ಇದ್ದರೆ, ಬೇಕಾಗುವುದು 5 ಲಕ್ಷ. ಇದನ್ನು ಮೊದಲೇ ಕಾಗದದ ಮೇಲೆ ಬರೆದು ತೋರಿಸದಿದ್ದರೆ, ಮೊದಲ ವಾರ್ಷಿಕ ವರದಿ ಕೈಗೆ ಬಂದ ದಿನ "ಇಷ್ಟೇನಾ?" ಎಂಬ ಫೋನು ಬಂದೇ ಬರುತ್ತದೆ.

ಇದರೊಳಗೇ ಇನ್ನೊಂದು ತೊಡಕಿದೆ. ಅನೇಕ ಕಡೆ ಖರ್ಚಿನ ಪಾಲನ್ನು ಹಿಂದಿನ 12 ತ್ರೈಮಾಸಿಕಗಳ ಸರಾಸರಿ ಮೌಲ್ಯದ ಮೇಲೆ ಕಟ್ಟುತ್ತಾರೆ, ಮಾರುಕಟ್ಟೆ ಏರಿಳಿದರೂ ವಿದ್ಯಾರ್ಥಿಗೆ ಸಿಗುವುದು ಒಂದೇ ಸಮ ಇರಲಿ ಅಂತ. ಹೊಸ ನಿಧಿ ಮೊದಲ ಪಾಲು ಕೊಡಲು ಒಂದು ವರ್ಷವೇ ಹಿಡಿಯಬಹುದು. ಹಣ ಐದು ಕಂತಿನಲ್ಲಿ ಬರುವುದಾದರೆ, ನಿಧಿ ತುಂಬುವವರೆಗೂ ವಿದ್ಯಾರ್ಥಿವೇತನ ಶುರುವಾಗುವುದಿಲ್ಲ ಎಂದು ನಿಯಮ ಇರುವ ಸಂಸ್ಥೆಗಳೂ ಇವೆ. ದಾನಿಗೆ ಎಪ್ಪತ್ತೆಂಟು ವಯಸ್ಸಾಗಿದ್ದರೆ ಐದು ವರ್ಷ ಕಾಯಿರಿ ಅನ್ನುವುದು ಹೇಗೆ? ಇದಕ್ಕೆ ಪರಿಹಾರ ಸುಲಭ: 5 ಲಕ್ಷದ ದತ್ತಿಯ ಜೊತೆಗೆ ವರ್ಷಕ್ಕೆ 20 ಸಾವಿರದಂತೆ ನೇರ ಖರ್ಚಿಗೆಂದು ಬೇರೆ ಹಣ ಕೇಳುವುದು. ಆಗ ಮೊದಲ ವರ್ಷವೇ ಒಬ್ಬ ವಿದ್ಯಾರ್ಥಿ ಓದುತ್ತಾನೆ, ದಾನಿ ಅವನನ್ನು ಕಣ್ಣಾರೆ ನೋಡುತ್ತಾರೆ. ಒಟ್ಟು ಮೊತ್ತ ಹೆಚ್ಚಾದರೂ ಇದನ್ನು ಬೇಡ ಅನ್ನುವವರು ಕಡಿಮೆ.

ಕೇಳುವ ದಿನ ಇಬ್ಬರಿಗಿಂತ ಹೆಚ್ಚು ಜನ ಹೋಗಬಾರದು. ಡೀನ್ ಜೊತೆ ಹೋಗುವುದಾದರೆ ಯಾರು ಮಾತು ತೆಗೆಯುವುದು, ಯೋಜನೆ ವಿವರಿಸುವುದು ಯಾರು, ಮೊತ್ತ ಯಾರ ಬಾಯಿಂದ ಬರಬೇಕು ಎಂಬುದನ್ನು ಹಿಂದಿನ ದಿನವೇ ನಿಶ್ಚಯಿಸಿ, ಆ ಒಂದು ವಾಕ್ಯವನ್ನು ಡೀನ್ ಕೈಲಿ ಜೋರಾಗಿ ಹೇಳಿಸಿ ನೋಡಿ. ವಾಕ್ಯದಲ್ಲಿ ಮೊತ್ತ, ಉದ್ದೇಶ, ಅವಧಿ ಮೂರೂ ಇರಬೇಕು: "ಈ ವಿದ್ಯಾರ್ಥಿವೇತನಕ್ಕೆ ಐದು ವರ್ಷದಲ್ಲಿ ಒಟ್ಟು 5 ಲಕ್ಷ ಡಾಲರ್ ಕೊಡುವ ಬಗ್ಗೆ ಯೋಚಿಸುತ್ತೀರಾ?" ಅಷ್ಟು ಹೇಳಿ ಬಾಯಿ ಮುಚ್ಚಿಕೊಂಡು ಕೂರಬೇಕು. ಎಡವುವುದು ಇಲ್ಲೇ. ಎದುರಿನವರು ಕಿಟಕಿಯಾಚೆ ನೋಡುತ್ತ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿರುತ್ತಾರೆ. ಹತ್ತು ಸೆಕೆಂಡಿನ ಮೌನ ತಡೆಯಲಾಗದೆ ಡೀನ್ "ಅಷ್ಟೇ ಆಗಬೇಕು ಅಂತೇನಿಲ್ಲ, ಎರಡೂವರೆ ಆದರೂ ಸರಿ" ಅಂದುಬಿಡುತ್ತಾರೆ. ದಾನಿ ಬೇಡ ಅಂದಿರಲಿಲ್ಲ. ಬೆಲೆ ಇಳಿಸಿದ್ದು ನಮ್ಮವರೇ.

ಬೇಡ ಎಂಬ ಉತ್ತರವೇ ಬಂದರೂ ಅದು ಯಾವ ಬೇಡ ಅನ್ನುವುದನ್ನು ಅಲ್ಲೇ ತಿಳಿದುಕೊಳ್ಳಿ. ಈಗ ಬೇಡವೇ, ಇಷ್ಟು ಬೇಡವೇ, ಈ ಯೋಜನೆ ಬೇಡವೇ, ಅಥವಾ ಈ ವಿಶ್ವವಿದ್ಯಾಲಯವೇ ಬೇಡವೇ? ಮೊದಲ ಮೂರಕ್ಕೆ ಮುಂದಿನ ಭೇಟಿ ಉಂಟು. ನಾಲ್ಕನೆಯದಾದರೆ ಹೆಸರನ್ನು ಮರ್ಯಾದೆಯಿಂದ ಪಟ್ಟಿಯಿಂದ ತೆಗೆಯಿರಿ.

ಒಪ್ಪಿದ ಮೇಲೆ ಬರುವ ಒಪ್ಪಂದ ಪತ್ರವನ್ನು ಕಾನೂನು ವಿಭಾಗದ ಕೆಲಸ ಎಂದು ಕೈತೊಳೆದುಕೊಳ್ಳುವವರು ಬಹಳ. 1961ರಲ್ಲಿ ಪ್ರಿನ್ಸ್‌ಟನ್‌ಗೆ ರಾಬರ್ಟ್‌ಸನ್ ಕುಟುಂಬದಿಂದ 3.5 ಕೋಟಿ ಡಾಲರ್ ದೇಣಿಗೆ ಬಂತು, ಸರ್ಕಾರಿ ಸೇವೆಗೆ, ಅದರಲ್ಲೂ ವಿದೇಶಾಂಗ ಕೆಲಸಕ್ಕೆ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತಯಾರು ಮಾಡಲಿ ಎಂದು. ಹಣ ಆ ಉದ್ದೇಶ ಬಿಟ್ಟು ಬೇರೆ ಕಡೆ ಹೋಗುತ್ತಿದೆ ಎಂದು ಮುಂದಿನ ಪೀಳಿಗೆ 2002ರಲ್ಲಿ ಕೋರ್ಟಿಗೆ ಹೋಯಿತು. 2008ರಲ್ಲಿ ರಾಜಿಯಾಗುವ ಹೊತ್ತಿಗೆ ಕುಟುಂಬದ ವಕೀಲರ ಖರ್ಚು ಮತ್ತು ಹೊಸ ಪ್ರತಿಷ್ಠಾನಕ್ಕೆಂದು ನಿಧಿಯಿಂದ ಸುಮಾರು 9 ಕೋಟಿ ಡಾಲರ್ ಬಿಟ್ಟುಕೊಡಬೇಕಾಯಿತು. ಯೇಲ್‌ನದು ಇನ್ನೊಂದು ಬಗೆ. ಪಾಶ್ಚಾತ್ಯ ನಾಗರಿಕತೆಯ ಪಾಠಕ್ರಮಕ್ಕೆಂದು 1991ರಲ್ಲಿ ಬಂದ 2 ಕೋಟಿ ಡಾಲರ್ ಅನ್ನು ಅದು 1995ರಲ್ಲಿ ಹಿಂದಿರುಗಿಸಿತು. ಕಾರ್ಯಕ್ರಮ ವರ್ಷಗಟ್ಟಲೆ ಶುರುವಾಗಿರಲಿಲ್ಲ. ಕೊನೆಗೆ ಅಧ್ಯಾಪಕರ ನೇಮಕದಲ್ಲಿ ತನ್ನ ಒಪ್ಪಿಗೆಯೂ ಬೇಕು ಎಂದು ದಾನಿ ಕೇಳಿದಾಗ ವಿಶ್ವವಿದ್ಯಾಲಯ ಆಗದು ಎಂದಿತು.

ಪತ್ರದಲ್ಲಿ ತಪ್ಪದೆ ಇರಬೇಕಾದವು ಇವು. ಮೊತ್ತ ಮತ್ತು ಕಂತಿನ ತಾರೀಕುಗಳು. ಉದ್ದೇಶ, ಎರಡೇ ವಾಕ್ಯದಲ್ಲಿ. ಆ ಉದ್ದೇಶ ಮುಂದೆ ನಡೆಯದ ಹಾಗಾದರೆ ಅದಕ್ಕೆ ಅತಿ ಹತ್ತಿರದ ಬೇರೆ ಬಳಕೆಗೆ ದಾರಿ. ಕಂತು ನಿಂತರೆ, ಕಟ್ಟಡಕ್ಕೋ ವಿದ್ಯಾರ್ಥಿವೇತನಕ್ಕೋ ಇಟ್ಟ ದಾನಿಯ ಹೆಸರಿನ ಗತಿ ಏನು. ಹೆಸರು ಶಾಶ್ವತವೋ, ಕಟ್ಟಡ ಇರುವವರೆಗೆ ಮಾತ್ರವೋ. ಹೆಸರಿಗೆ ಮಸಿ ಬಳಿದುಕೊಂಡವರ ಹೆಸರನ್ನು ತೆಗೆಯುವ ಅಧಿಕಾರ. ಕೊನೆಯದನ್ನು ದಾನಿಯ ಮುಂದೆ ಎತ್ತಲು ಎಲ್ಲರಿಗೂ ಸಂಕೋಚ. ಎಲ್ಲರ ಪತ್ರದಲ್ಲೂ ಇರುವ ಮಾಮೂಲಿ ಕಲಮು ಎಂದು, ಹಾಗೆ ನಿಜವಾಗಿಯೂ ಇದ್ದಾಗ ಮಾತ್ರ, ಹೇಳಿಬಿಡಿ. ಸಹಿಯಾಗುವ ಮೊದಲು ಹೆಸರಿನ ಫಲಕ ಮಾಡಿಸುವುದು, ಪತ್ರಿಕೆಗೆ ಸುದ್ದಿ ಕೊಡುವುದು ಬೇಡವೇ ಬೇಡ.

ಅರ್ಹತೆಯ ಷರತ್ತುಗಳ ಮೇಲೆ ವಿಶೇಷ ಕಣ್ಣಿಡಿ. ಇಂಥ ಜಿಲ್ಲೆಯಿಂದ ಬಂದ, ಗಣಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿರುವ, ಸಂಗೀತವೂ ಗೊತ್ತಿರುವ ವಿದ್ಯಾರ್ಥಿನಿ ಎಂದು ಬರೆದರೆ ಮೂರು ವರ್ಷ ಯಾರೂ ಸಿಗದೆ ಹಣ ಹಾಗೇ ಬಿದ್ದಿರುತ್ತದೆ, ಅದು ಗೊತ್ತಾಗುವುದು ದಾನಿ ವಿದ್ಯಾರ್ಥಿಯ ಪತ್ರ ಎಲ್ಲಿ ಎಂದು ಕೇಳಿದಾಗ. ಷರತ್ತು ಬರೆಯುವ ಮೊದಲು ಅದಕ್ಕೆ ಹೊಂದುವವರು ಈಗ ಎಷ್ಟು ಜನ ಇದ್ದಾರೆ ಎಂದು ವಿದ್ಯಾರ್ಥಿವೇತನ ವಿಭಾಗದಿಂದ ಲೆಕ್ಕ ತರಿಸಿ. ಬೆರಳೆಣಿಕೆಗಿಂತ ಕಡಿಮೆ ಇದ್ದರೆ "ಕಡ್ಡಾಯ" ಎಂಬಲ್ಲಿ "ಆದ್ಯತೆ" ಎಂದು ಮಾಡಿ. ಯಾರಿಗೆ ಕೊಡಬೇಕೆಂದು ದಾನಿಯೇ ಆರಿಸುವಂತಿಲ್ಲ ಎಂಬುದೂ ಮೊದಲೇ ಗೊತ್ತಿರಲಿ. ದಾನಿಯೇ ಆರಿಸಿದರೆ ತೆರಿಗೆ ಕಣ್ಣಿನಲ್ಲಿ ಅದು ದೇಣಿಗೆಯಾಗಿ ಉಳಿಯುವುದಿಲ್ಲ.

ಹಣ ಕೈಸೇರುವ ದಾರಿಯಲ್ಲೂ ಅಮೆರಿಕದಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಒಂದು, ಷೇರು. ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡು ಬೆಲೆ ಏರಿದ ಷೇರನ್ನು ಹಾಗೆಯೇ ವರ್ಗಾಯಿಸಿದರೆ ದಾನಿಗೆ ಲಾಭದ ಮೇಲಿನ ತೆರಿಗೆ ಬೀಳುವುದಿಲ್ಲ. ಮೊದಲು ಮಾರಿ ಆಮೇಲೆ ಹಣ ಕಳಿಸಿದರೆ ಬೀಳುತ್ತದೆ. ಆ ಷೇರುಗಳು ವಿಶ್ವವಿದ್ಯಾಲಯದ ಖಾತೆಗೆ ಎಷ್ಟೋ ಸಲ ಕೊಟ್ಟವರ ಹೆಸರೇ ಇಲ್ಲದೆ ಬಂದು ಬೀಳುತ್ತವೆ. ಯಾವ ಕಂಪನಿ, ಎಷ್ಟು ಷೇರು, ಯಾವ ದಿನ ಎಂದು ದಾನಿಯಿಂದ ಒಂದು ಇಮೇಲ್ ತರಿಸಿಕೊಳ್ಳದಿದ್ದರೆ, ಡಿಸೆಂಬರ್ ಕೊನೆಯ ವಾರದಲ್ಲಿ ಲೆಕ್ಕ ವಿಭಾಗ ವಾರಸುದಾರರನ್ನು ಹುಡುಕುತ್ತ ಕೂರಬೇಕು. ಎರಡನೆಯದು, ದಾನಿಯ ಸಲಹೆಯಂತೆ ಹಂಚುವ ನಿಧಿಯಲ್ಲಿ (ಡೋನರ್ ಅಡ್ವೈಸ್ಡ್ ಫಂಡ್) ಮೊದಲೇ ಹಾಕಿಟ್ಟ ಹಣ. ಆ ಹಣ ಬೇರೊಂದು ದತ್ತಿಸಂಸ್ಥೆಯ ಕೈಯಲ್ಲಿರುತ್ತದೆ, ದಾನಿಗೆ ತೆರಿಗೆ ರಿಯಾಯಿತಿ ಹಾಕಿದಾಗಲೇ ಸಿಕ್ಕಿರುತ್ತದೆ. ಅಲ್ಲಿಂದ ಕಂತು ಕಟ್ಟುವವರಿದ್ದರೆ ಕಾನೂನಿನಂತೆ ಕಟ್ಟಿಹಾಕುವ ವಾಗ್ದಾನ ಬರೆಸಬೇಡಿ, ಕೊಡುವ ಉದ್ದೇಶವಿದೆ ಎಂಬ ಪತ್ರವೇ ಇರಲಿ. ಹಣ ಕಳಿಸುವುದು ಆ ನಿಧಿಯ ಸಂಸ್ಥೆ, ಆದ್ದರಿಂದ ದಾನಿಗೆ ತೆರಿಗೆ ರಸೀದಿಯೂ ಹೋಗಬಾರದು, ಧನ್ಯವಾದ ಪತ್ರ ಮಾತ್ರ ಹೋಗಬೇಕು.

ಈ ಹುದ್ದೆಗೆ ಕಮಿಷನ್ ಇಲ್ಲ. ತಂದ ಹಣದಲ್ಲಿ ಶೇಕಡಾವಾರು ಸಂಬಳ ಪಡೆಯುವುದನ್ನು ವೃತ್ತಿಯ ನೀತಿಸಂಹಿತೆಯೇ ನಿಷೇಧಿಸಿದೆ, ಅದು ಸರಿಯೂ ಹೌದು. ಆದರೆ ಮೇಲಿನವರು ತಿಂಗಳಿಗೆ ಎಷ್ಟು ಭೇಟಿ ಎಂದು ಎಣಿಸುತ್ತಾರೆ. ಭೇಟಿಯನ್ನೇ ಎಣಿಸಿದರೆ ಕೊಡುವ ಯೋಚನೆಯೇ ಇಲ್ಲದವರ ಮನೆಯಲ್ಲಿ ಕಾಫಿ ಕುಡಿದು ಬರುವುದು ಹೆಚ್ಚಾಗುತ್ತದೆ, ಬಂದ ಹಣವನ್ನೇ ಎಣಿಸಿದರೆ ಹಣ್ಣಾಗುವ ಮೊದಲೇ ಕೀಳುತ್ತಾರೆ. ಭೇಟಿಯ ಮುಂದಿನ ಹೆಜ್ಜೆ ಹೇಳಿದ ತಾರೀಕಿನೊಳಗೆ ನಡೆಯಿತೇ ಎಂದು ನೋಡುವುದು ಇವೆರಡಕ್ಕಿಂತ ಮೇಲು. ಕೆಲಸ ಬಿಡುವವರೂ ಇಲ್ಲಿ ಬಹಳ. ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ ದಾನಿ ತನ್ನ ಕಾಲೇಜು ದಿನಗಳ ಕಥೆಯನ್ನು ಮೂರನೇ ಸಲ ಮೊದಲಿನಿಂದ ಹೇಳಬೇಕಾಗುತ್ತದೆ. ಹೋಗುವವರು ಕೊನೆಯ ತಿಂಗಳಲ್ಲಿ ಮುಖ್ಯವಾದ ಹತ್ತು ಹದಿನೈದು ಮನೆಗಳಿಗಾದರೂ ಹೊಸಬರನ್ನು ಜೊತೆಗೆ ಕರೆದುಕೊಂಡು ಹೋಗಬೇಕು. ಆಗದಿದ್ದರೆ ಫೋನಿನಲ್ಲಾದರೂ ಪರಿಚಯ ಮಾಡಿಸಿ, ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳನ್ನೆಲ್ಲ, ಮಗಳ ಹೆಸರು ಫಲಕದಲ್ಲಿ ಮೊದಲು ಬರಲಿ ಎಂದು ಒಪ್ಪಿಕೊಂಡದ್ದನ್ನೂ ಸೇರಿಸಿ, ವರದಿಯಲ್ಲಿ ಬರೆದಿಟ್ಟು ಹೋಗಬೇಕು.